ಮಗ ಸಿಕ್ಕಿದನೇ ಎಂದು ಕೇಳಿದ ಹಟ್ಟಿ

ಇಂಥ ಮಾತುಗಳನ್ನು ನಾನು ನಂಬುತ್ತಿದ್ದವಳಲ್ಲ. ಪಾಸ್ಟರ ಹೆಂಡತಿಯಾದವಳ ಬಳಿಗೆ ಜನ ಏನೇನೋ ಹೊತ್ತು ತರುತ್ತಾರೆ. ಹುಣಸೆ ಮರದ ಕೆಳಗೆ ಯಾರೋ ನಿಂತಿದ್ದರಂತೆ, ಸತ್ತ ಅತ್ತೆ ಕನಸಿನಲ್ಲಿ ಬಂದು ಅನ್ನ ಕೇಳಿದಳಂತೆ, ಮಗುವಿಗೆ ಗಾಳಿ ಸೋಕಿದೆಯಂತೆ. ನಾನು ಅವರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಪ್ರಾರ್ಥನೆ ಮಾಡಿ ಕಳಿಸುತ್ತಿದ್ದೆ. ಅವರು ಹೋದ ಮೇಲೆ ಮಾತ್ರ ನನ್ನೊಳಗೇ ಕಾರಣ ಹುಡುಕುತ್ತಿದ್ದೆ: ನಿದ್ದೆ ಸಾಲದು, ಮೈಯಲ್ಲಿ ರಕ್ತ ಇಲ್ಲ, ಗಂಡ ಕುಡಿಯುತ್ತಾನೆ. ಹುಡುಕಿದರೆ ಕಾರಣ ಸಿಗುತ್ತಿತ್ತು ಕೂಡ. ಈಗ ನನ್ನದನ್ನು ಓದುವಾಗ ನೀವೂ ಹಾಗೇ ಮಾಡಿದರೆ ನನಗೆ ಬೇಸರವಿಲ್ಲ. ನಾನೂ ವರ್ಷಗಟ್ಟಲೆ ಹುಡುಕಿದ್ದೇನೆ.

ಆಗ ನಾವು ರಾಯದುರ್ಗದಲ್ಲಿದ್ದೆವು. ನಮ್ಮ ಯಜಮಾನರಿಗೆ ಅಲ್ಲಿ ಒಂದು ಚಿಕ್ಕ ಸಭೆ, ಮಡಕಶಿರದಲ್ಲಿ ಇನ್ನೊಂದು. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಹಳೆಯ ವ್ಯಾನಿನಲ್ಲಿ ಪಾತ್ರೆ, ಹಾಸಿಗೆ, ಹಾರ್ಮೋನಿಯಂ ತುಂಬಿಕೊಂಡು ಕಲ್ಯಾಣದುರ್ಗ, ಪಾವಗಡ ದಾಟಿ ಹೋಗಿ ಬರುವುದೇ ನಮ್ಮ ಬದುಕಾಗಿತ್ತು. ಹೀಗಿರುವಾಗ ಮಕ್ಕಳನ್ನು ಯಾವ ಶಾಲೆಯಲ್ಲಿ ಕೂರಿಸುವುದು? ಮದುವೆಗೆ ಮುಂಚೆ ನಾನು ಬಳ್ಳಾರಿಯಲ್ಲಿ ಟೀಚರಾಗಿದ್ದವಳು. ಒಂದು ವರ್ಷ ಮನೆಯಲ್ಲೇ ಕಲಿಸುತ್ತೇನೆ ಎಂದೆ. ಅವರು ಒಪ್ಪಿದರು.

ಮಗಳು ಅನುಗ್ರಹ, ನಾವು ಕರೆಯುವುದು ಅನು, ಆಗ ಹತ್ತು ವರ್ಷದವಳು. ಮಗ ಸಮುವೇಲನಿಗೆ ಆರು. ಅವನು ಎಲ್ಲರಿಗೂ ಸ್ಯಾಮು. ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಲೆಕ್ಕ, ಆಮೇಲೆ ಕನ್ನಡ, ಊಟವಾದ ಮೇಲೆ ತೆಲುಗಿನ ಅಕ್ಷರ. ರಾಯದುರ್ಗದ ಬೆಟ್ಟ ಹತ್ತಿದ ದಿನ ಅದೇ ಇತಿಹಾಸದ ಪಾಠ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದರೆ ವ್ಯಾನು ನಿಲ್ಲಿಸಿ ಎಣಿಸುವುದೇ ಗಣಿತ. ಭಾನುವಾರ ಮಧ್ಯಾಹ್ನ ಊರಿನ ಮಕ್ಕಳನ್ನೂ ಸೇರಿಸಿಕೊಂಡು ಚಿತ್ರ ಬರೆಸುವುದು, ಬೈಬಲ್ ಕತೆ ಹೇಳುವುದು, ಹಾಡು ಕಲಿಸುವುದು. ಅದೇ ವರ್ಷ ನಮ್ಮ ಮಕ್ಕಳು ಅತಿ ಹೆಚ್ಚು ನಕ್ಕಿದ್ದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸ್ಯಾಮುವಿಗೆ ದಿಕ್ಕುಗಳು ತಲೆಗೆ ಹತ್ತುತ್ತಿರಲಿಲ್ಲ. ಅವನಿಗಾಗಿ ಅನು ತಾನೇ ಒಂದು ಹಾಡು ಕಟ್ಟಿದಳು. ರಾಗವೂ ಅವಳದೇ.

ಮೂಡಲ ಕಡೆಗೆ ಮುಖ ಮಾಡು,
ಪಡುವಲ ಕಡೆಗೆ ಬೆನ್ನು ಮಾಡು,
ಬಡಗಲ ಕೈಗೆ ಬಳೆ ತೊಡಿಸು,
ತೆಂಕಲ ಕೈಗೆ ತೆನೆ ಹಿಡಿಸು.

ಸೂರ್ಯನಿಗೆ ಮುಖ ಮಾಡಿ ನಿಂತರೆ ಎಡಗೈ ಬಡಗಲು, ಬಲಗೈ ತೆಂಕಲು. ಎಡಗೈಗೆ ಬಳೆ ಹಾಕಿದ ಹಾಗೆ, ಬಲಗೈಯಲ್ಲಿ ತೆನೆ ಹಿಡಿದ ಹಾಗೆ ಅಭಿನಯ ಮಾಡಿ ಇಬ್ಬರೂ ಮನೆಯೆಲ್ಲ ಕುಣಿಯುತ್ತಿದ್ದರು. ಹಾಡು ಹುಟ್ಟಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅದನ್ನು ಹೊರಗೆ ಎಲ್ಲೂ ಹಾಡಿರಲಿಲ್ಲ.

ಆ ಬೇಸಿಗೆಯ ಮೊದಲಲ್ಲಿ ನಾವು ಮಡಕಶಿರಕ್ಕೆ ಹೋಗಿದ್ದಾಗ, ಅಲ್ಲಿನ ಸಭೆಗೆ ಬರುವ ಒಬ್ಬ ಆಟೋ ಚಾಲಕ ತನ್ನ ದೊಡ್ಡಮ್ಮನ ಹಟ್ಟಿಗೆ ಬರಬೇಕೆಂದು ಕರೆದ. ಗುಡಿಬಂಡೆಯಿಂದ ಆಚೆಗೆ, ಡಾಂಬರು ಮುಗಿದ ಮೇಲೆ ಸ್ವಲ್ಪ ದೂರ. ಕುರಿ ಸಾಕುವವರ ಹಟ್ಟಿ. ಅವರಾರೂ ನಮ್ಮ ಸಭೆಯವರಲ್ಲ, ಆದರೆ ಮಕ್ಕಳಿಗೆ ಕತೆ, ಹಾಡು ಹೇಳಿಕೊಟ್ಟರೆ ಬೇಡ ಎನ್ನುವವರೂ ಅಲ್ಲ. ನಾನಾಗಲಿ ಮಕ್ಕಳಾಗಲಿ ಅದಕ್ಕೆ ಮುಂಚೆ ಆ ಕಡೆಗೆ ಕಾಲಿಟ್ಟಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಾವು ಹೋದದ್ದು ಹಾಡುಹಗಲಲ್ಲಿ. ವ್ಯಾನು ಬೇವಿನ ಮರದ ನೆರಳಿಗೆ ನಿಂತಿತು. ಯಜಮಾನರು ಹಾರ್ಮೋನಿಯಂ ಇಳಿಸುತ್ತಿದ್ದರು. ನಾನು ಅನುವಿನ ಕೈ ಹಿಡಿದು ಮುಂದೆ ನಡೆದೆ. ಸ್ಯಾಮು ಹಿಂದೆ ಎಲ್ಲೋ ಕುರಿಮರಿಯ ಹತ್ತಿರ ನಿಂತುಬಿಟ್ಟಿದ್ದ. ಎದುರು ಮನೆಯ ಜಗುಲಿಯಿಂದ ಒಬ್ಬ ವಯಸ್ಸಾದ ಹೆಂಗಸು ಎದ್ದು ಬಂದಳು. ಆ ಆಟೋದವನ ದೊಡ್ಡಮ್ಮ, ಲಕ್ಷ್ಮಕ್ಕ. ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡು, ನಾನು ನಮಸ್ಕಾರ ಹೇಳುವುದಕ್ಕೂ ಬಿಡದೆ ಕೇಳಿದಳು:

"ಮಗ ಸಿಕ್ಕಿದ್ನೇನವ್ವಾ?"

ನನಗೆ ಅರ್ಥವಾಗಲಿಲ್ಲ. "ಯಾವ ಮಗ?" ಎಂದೆ.

"ಅಯ್ಯೋ, ಇದೇನವ್ವ ಇಂಗಂತೀಯ? ಓದ್ ಅಮಾಸೆ ಕಳ್ದು ಬಂದಿದ್ದೆಯಲ್ಲ, ಈ ಮಗೀನ ಕರ್ಕಂಡು. ಇಲ್ಲೇ ಕುಂತ್ಕಂಡು ಎಷ್ಟ್ ಅತ್ತೆ ನೀನು. ಸೀರೆ ಎಲ್ಲಾ ನೆಂದೋಗಿತ್ತು. ಮಳೆ ಇಲ್ಲ ಏನಿಲ್ಲ, ಎಲ್ ನೆಂದ್ಯವ್ವ ಅಂದ್ರೆ ಬಾಯ್ ಬಿಡ್ಲಿಲ್ಲ. ನಾನೇ ನನ್ ಸೀರೆ ಕೊಟ್ರೆ ಮುಟ್ಲೂ ಇಲ್ಲ."

"ನಾನಲ್ಲ ಅಜ್ಜಿ. ಬೇರೆ ಯಾರೋ ಇರಬೇಕು."

ಅವಳು ಅನುವಿನ ಗದ್ದ ಹಿಡಿದೆತ್ತಿ ನೋಡಿದಳು. "ಇವ್ಳೇ ಕಣವ್ವ ನಮ್ ಮಕ್ಳಿಗೆ ಆಡು ಏಳ್ಕೊಟ್ಟಿದ್ದು. ನೀನು ಒಂದೇ ಮಾತ ಅಂತಿದ್ದೆ. ನೀರಲ್ಲಿ ಇಡ್ಕಂಡಿದ್ದೆ, ಕೈ ಬಿಟ್ಟೋಯ್ತು, ಮಗ ಕೈ ಬಿಟ್ಟೋದ ಅಂತ."

ಅಷ್ಟರಲ್ಲಿ ಸ್ಯಾಮು ಕುರಿಮರಿಯನ್ನು ಬಿಟ್ಟು ಓಡಿ ಬಂದು ನನ್ನ ಸೀರೆಯ ನೆರಿಗೆ ಹಿಡಿದ. ಲಕ್ಷ್ಮಕ್ಕ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಂತೋಷ ಬರಲಿಲ್ಲ. ಮೆಲ್ಲಗೆ ನನ್ನ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ಹೆದರಿದ್ದನ್ನು ತೋರಿಸಿಕೊಳ್ಳಬಾರದು ಎಂದು ನಾನು ಹಟ್ಟಿಯ ಮಕ್ಕಳನ್ನು ಕರೆದು ಮರದ ಕೆಳಗೆ ಕೂರಿಸಿದೆ. ನಿಮಗೆ ಯಾವುದಾದರೂ ಹಾಡು ಬರುತ್ತದೆಯೇ ಎಂದು ಕೇಳಿದೆ. ಎಲ್ಲರೂ ಒಟ್ಟಿಗೆ ಎದ್ದು ಮೂಡಲಿಗೆ ಮುಖ ಮಾಡಿ ನಿಂತರು. ಅನು ಕಟ್ಟಿದ ಹಾಡನ್ನೇ, ಅವಳ ರಾಗದಲ್ಲೇ ಹಾಡಿದರು. ಎಡಗೈಗೆ ಬಳೆ ತೊಡಿಸಿದರು, ಬಲಗೈಯಲ್ಲಿ ತೆನೆ ಹಿಡಿದರು. ಅನು ನನ್ನ ಕಡೆ ತಿರುಗಿದಳು. "ಅಮ್ಮ, ನಾನು ಯಾರಿಗೂ ಹೇಳಿಕೊಟ್ಟಿಲ್ಲ" ಎಂದಳು.

ಅವತ್ತು ಯಾವ ಕತೆ ಹೇಳಿದೆನೋ ನನಗೆ ನೆನಪಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಯಜಮಾನರು ಸಮಾಧಾನ ಹೇಳಿದರು. ಆ ಕಡೆ ಓಡಾಡುವ, ಸುವಾರ್ತೆ ಸಾರುವವರು ನಾವೊಬ್ಬರೇ ಅಲ್ಲ, ಮಗಳನ್ನು ಕರೆದುಕೊಂಡು ಬಂದವಳು ಯಾರೋ ದುಃಖದ ಹೆಂಗಸಿರಬೇಕು ಎಂದರು. ಲಕ್ಷ್ಮಕ್ಕನಿಗೆ ವಯಸ್ಸಾಗಿದೆ, ಕಣ್ಣು ಮಂಜು. ಹಾಡು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೇಗೆ ಹೋಗುತ್ತದೋ ಯಾರಿಗೆ ಗೊತ್ತು, ಮಡಕಶಿರದಲ್ಲಿ ನಮ್ಮ ಮಕ್ಕಳು ಆಡುವಾಗ ಯಾರೋ ಕೇಳಿಸಿಕೊಂಡಿರಬೇಕು ಎಂದರು. ಎಲ್ಲವೂ ಆಗಬಹುದಾದ ಮಾತೇ. ಆದರೆ ನಾನು ಹಿಂದಿನ ಸೀಟಿನಲ್ಲಿ ಸ್ಯಾಮುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವನು ನಿದ್ದೆಯಲ್ಲೇ ನರಳಿ ಕೈ ಬಿಡಿಸಿಕೊಂಡ.

ಸಭೆಯ ಮಕ್ಕಳನ್ನು ಭೈರವಾನಿತಿಪ್ಪದ ಡ್ಯಾಮಿಗೆ ಕರೆದುಕೊಂಡು ಹೋಗುತ್ತೇವೆಂದು ಮೊದಲೇ ಮಾತು ಕೊಟ್ಟಿದ್ದೆವು. ಮಕ್ಕಳು ತಿಂಗಳಿಂದ ಕಾಯುತ್ತಿದ್ದರು. ಹೊರಡುವ ಹಿಂದಿನ ದಿನ ನಾನು ಯಜಮಾನರಿಗೆ ಹೇಳಿದೆ, "ರೀ, ಸ್ಯಾಮು ಬರೋದು ಬ್ಯಾಡ."

"ಯಾಕ?"

"ಬ್ಯಾಡ ಅಂದ್ರ ಬ್ಯಾಡ."

"ನಾವು ಜನಕ್ಕ ಹೆದರಬ್ಯಾಡ್ರಿ ಅಂತ ಹೇಳ್ತೀವಿ. ಮನ್ಯಾಗ ನಾವೇ ಹೆದರಿ ಕುಂತ್ರ ಹೆಂಗ?" ಎಂದರು. ಅವರ ಮಾತು ಸರಿಯೇ. ಆದರೂ ನಾನು ಒಪ್ಪಲಿಲ್ಲ. ಸ್ಯಾಮು ಅತ್ತು ಅತ್ತು ಮಲಗಿದ. ಬೆಳಿಗ್ಗೆ ಅವರು ಅನುವನ್ನೂ ಉಳಿದ ಮಕ್ಕಳನ್ನೂ ತುಂಬಿಕೊಂಡು ಹೋದರು. ನೀರಿಗೆ ಯಾರನ್ನೂ ಇಳಿಸಬೇಡಿ ಎಂದು ವ್ಯಾನಿನ ಹಿಂದೆ ಓಡಿ ಇನ್ನೊಮ್ಮೆ ಹೇಳಿದೆ.

ನಮ್ಮದು ಬಾಡಿಗೆ ಮನೆ. ಹಿಂಭಾಗದಲ್ಲಿ ಮನೆಯೊಡತಿ ಗೌರಮ್ಮ ಇದ್ದರು. ಶಿವಭಕ್ತೆ, ಅಂಗಡಿ ನಡೆಸುತ್ತಿದ್ದವರು, ನನ್ನ ಮಕ್ಕಳಿಗೆ ಅಜ್ಜಿಯ ಹಾಗೆ. ಎರಡೂ ಮನೆಗೆ ಸೇರಿ ಅಂಗಳದಲ್ಲಿ ಒಂದು ನೀರಿನ ಸಂಪು. ಅದಕ್ಕೆ ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಎದುರುಗಡೆ ಜೀನ್ಸ್ ಹೊಲಿಯುವ ಒಂದು ಶೆಡ್ಡು, ಹಗಲೆಲ್ಲ ಹೊಲಿಗೆ ಯಂತ್ರಗಳ ಸದ್ದು.

ಅವತ್ತು ಊಟವಾದ ಮೇಲೆ ನಳದಲ್ಲಿ ನೀರು ಬಂತು. ಕೆಲವು ದಿನಗಳಿಂದ ಬಂದಿರಲಿಲ್ಲ. ಸಂಪು ತುಂಬಿತೇ ಎಂದು ನೋಡಲು ಗೌರಮ್ಮ ಮುಚ್ಚಳವನ್ನು ಸರಿಸಿದ್ದರು. ಡ್ಯಾಮಿಗೆ ಹೋಗದ ದುಃಖ ಮರೆಯಲಿ ಎಂದು ನಾನು ಸ್ಯಾಮುವಿಗೆ ವೇದಾವತಿ ಹೊಳೆ ಹರಿಯುವ ನಕ್ಷೆ ಬರೆಯಲು ಕೊಟ್ಟು, ನೀಲಿ ಬಣ್ಣ ತುಂಬು ಎಂದು ಹೇಳಿ, ಬಟ್ಟೆ ತರಲು ಮಾಳಿಗೆಗೆ ಹೋದೆ. ಹಗ್ಗದಿಂದ ಬಟ್ಟೆ ತೆಗೆದು ತೋಳಿನ ಮೇಲೆ ಹಾಕಿಕೊಳ್ಳುವಷ್ಟು ಹೊತ್ತು. ನೀರು ಚಿಮ್ಮಿದ ಸದ್ದು ನನಗೆ ಕೇಳಿಸಲಿಲ್ಲ. ಅವನು ಕೂಗಿದ್ದೂ ಕೇಳಿಸಲಿಲ್ಲ. ಕೇಳಿಸಿದ್ದು ಗೌರಮ್ಮನ ಕಿರುಚಾಟ.

"ಅಮ್ಮಾರ! ಹುಡುಗ ಬಿದ್ದಾನ್ರೀ! ಯಾರರ ಬರ್ರೋ!"

ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಸಂಪಿನ ಬಾಯಲ್ಲಿ ಅವನ ಒಂದು ಚಪ್ಪಲಿ ತೇಲುತ್ತಿತ್ತು. ನಾನು ಹಾರಲು ಹೋದೆ. ಗೌರಮ್ಮ ಹಿಂದಿನಿಂದ ನನ್ನ ಸೊಂಟವನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದುಬಿಟ್ಟರು. "ಬ್ಯಾಡ್ರೀ, ನಿಮಗ ಈಜು ಬರಂಗಿಲ್ಲ, ಅವನ ಮ್ಯಾಲೇ ಬೀಳ್ತೀರಿ" ಎಂದು ಕೂಗುತ್ತಲೇ ಇದ್ದರು. ನಾನು ಅವರ ಕೈಯನ್ನು ಕಚ್ಚಿದೆ. ಅವರು ಬಿಡಲಿಲ್ಲ. ಎದುರಿನ ಶೆಡ್ಡಿನಿಂದ ಇಸ್ಮಾಯಿಲ್ ಎನ್ನುವವರು ಓಡಿ ಬಂದು ಒಳಗೆ ಇಳಿದರು. ಮಗನನ್ನು ಮೇಲಕ್ಕೆ ಎತ್ತಿ ಕೊಟ್ಟರು.

ಅವನ ಮುಖದ ಬಣ್ಣವನ್ನು ನಾನು ಇಲ್ಲಿ ಬರೆಯುವುದಿಲ್ಲ. ಎದೆ ಒತ್ತಿದರು, ಬಾಯಿಗೆ ಗಾಳಿ ಊದಿದರು, ಮಗ್ಗುಲಿಗೆ ತಿರುಗಿಸಿದರು. ಕೊನೆಗೆ ಒಂದು ಕೆಮ್ಮು ಬಂತು, ನೀರು ಬಂತು. ಆಟೋದಲ್ಲಿ ಊರಿನ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬಳ್ಳಾರಿ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿ ಮಲಗಿಸಿದರು. ಎದೆಯಲ್ಲಿ ನೀರು ಸೇರಿದೆ, ಏನೂ ಹೇಳಲಾಗದು ಎಂದರು. ಯಜಮಾನರು ಡ್ಯಾಮಿನಿಂದ ನೇರವಾಗಿ ಅಲ್ಲಿಗೆ ಬಂದರು. ಡ್ಯಾಮಿಗೆ ಹೋದ ಮಕ್ಕಳಲ್ಲಿ ಯಾರೂ ಒಂದು ಗೀರನ್ನೂ ಮಾಡಿಕೊಂಡಿರಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಇಸ್ಮಾಯಿಲ್ ನೋಡಲು ಬಂದರು. ವಾರ್ಡಿನ ಹೊರಗೆ ನಿಂತು, ಕೇಳದೆ ಇದ್ದರೂ ತಾವೇ ಹೇಳಿದರು. "ನಾನೂ ಒಂದೆರಡು ಸಲ ಇಂಥದ್ದು ನೋಡೀನ್ರೀ. ತಳಕ್ಕ ಹೋಗಿರ್ತಾವ, ಇಲ್ಲಾ ಬೋರಲು ತೇಲ್ತಿರ್ತಾವ. ನಿಮ್ಮ ಹುಡುಗ ನಿಂತಂಗ ಇದ್ದನ್ರೀ. ಕಾಲು ನೆಲಕ್ಕ ಮುಟ್ಟಿದ್ದಿಲ್ಲ. ಮುಖ ನೀರಾಗಿತ್ತು, ಕೈ ಎರಡೂ ಮ್ಯಾಲಿದ್ದವು. ಎತ್ತಾಕ ಹೋದ್ರ ಜಲ್ದಿ ಬರಲಿಲ್ಲ. ಎಲ್ಲೋ ಅಂಗಿ ಸಿಕ್ಕೊಂಡೈತಿ ಅಂತ ತಡವಿದೆ. ಏನೂ ಇದ್ದಿಲ್ಲ."

ಸ್ಯಾಮು ಮಾತನಾಡಿದ್ದು ಅದಾದ ಮೇಲೆ, ಒಂದು ಬೆಳಿಗ್ಗೆ. ಕೊಳವೆ ತೆಗೆದಿದ್ದರು. ನಾನು ಒದ್ದೆ ಬಟ್ಟೆಯಲ್ಲಿ ಅವನ ಮುಖ ಒರೆಸುತ್ತಿದ್ದೆ. ಕಣ್ಣು ಬಿಟ್ಟು ನನ್ನನ್ನೇ ನೋಡಿದ.

"ಅಮ್ಮ, ನೀ ಯಾಕ ಅಷ್ಟು ಅಳ್ತಿದ್ದಿ?"

"ಯಾವಾಗ ಕಂದಾ?"

"ನೀರಾಗ."

"ನಾ ನೀರಿಗೆ ಇಳಿದೇ ಇಲ್ಲಲ್ಲ, ಸ್ಯಾಮು."

"ಇದ್ದಿ. ನನ್ನ ಹಿಡಕೊಂಡಿದ್ದಿ. ಬಿಡಮ್ಮ, ಬಿಡಮ್ಮ ಅಂದ್ರೂ ಬಿಡಲಿಲ್ಲ."

ಅಷ್ಟರಲ್ಲಿ ನರ್ಸು ಬಂದರು. ಅವನು ಮತ್ತೆ ನಿದ್ದೆಗೆ ಜಾರಿದ. ಮೇಲಕ್ಕೆತ್ತಿ ಹಿಡಿದಿದ್ದೆನೋ, ಕೆಳಗೆ ಎಳೆದು ಹಿಡಿದಿದ್ದೆನೋ ಎಂದು ಕೇಳಬೇಕಾಗಿತ್ತು. ಕೇಳಲು ಒಂದೇ ಕ್ಷಣ ಸಾಕಿತ್ತು. ಮುಂದೆಯೂ ಎಷ್ಟೋ ಸಲ ಆ ಕ್ಷಣ ಬಂತು, ಕೇಳಲಿಲ್ಲ. ಉತ್ತರ ಎರಡನೆಯದಾಗಿದ್ದರೆ ಅವನು ಅದನ್ನು ನನ್ನ ಮುಖ ನೋಡಿಕೊಂಡು ಹೇಳಬೇಕಾಗುತ್ತಿತ್ತಲ್ಲ.

ಅವನು ಹೇಳಿದ್ದನ್ನು ಯಜಮಾನರಿಗೆ ಹೇಳಿದೆ. ಅವರು ಆಸ್ಪತ್ರೆಯ ನೆಲದ ಮೇಲೆ ಮಂಡಿಯೂರಿ ಅತ್ತರು. ದೇವರು ತನ್ನ ದೂತನನ್ನು ತಾಯಿಯ ರೂಪದಲ್ಲಿ ಕಳಿಸಿ ಮಗುವನ್ನು ಎತ್ತಿ ಹಿಡಿಸಿದ ಎಂದರು. ಮಗ ಮನೆಗೆ ಬಂದ ಮೇಲೆ ಸಭೆಯಲ್ಲಿ ಅದನ್ನೇ ಸಾಕ್ಷಿಯಾಗಿ ಹೇಳಿದರು. ಜನ ಕಣ್ಣೀರಿಟ್ಟು ಆಮೆನ್ ಎಂದರು. ಗೌರಮ್ಮ ಕೂಡ ನಾನು ಕಚ್ಚಿದ ಕೈಗೆ ಬಟ್ಟೆ ಕಟ್ಟಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಯಜಮಾನರು "ನನ್ನನ್ನು ಹಿಡಿದುಕೊಂಡಿದ್ದಳು" ಎನ್ನುವಲ್ಲಿಗೆ ಮಾತು ನಿಲ್ಲಿಸಿದರು. "ಬಿಡಮ್ಮ ಅಂದರೂ ಬಿಡಲಿಲ್ಲ" ಎನ್ನುವುದನ್ನು ಹೇಳಲಿಲ್ಲ. ಅದು ಅವರಿಗೆ ಮುಖ್ಯವೆನಿಸಿರಲಿಕ್ಕಿಲ್ಲ. ಇಲ್ಲವೇ ಬಹಳ ಮುಖ್ಯವೆನಿಸಿರಬಹುದು. ನಾವಿಬ್ಬರೂ ಆ ಬಗ್ಗೆ ಇಂದಿನವರೆಗೆ ಮಾತನಾಡಿಲ್ಲ.

ಒಮ್ಮೆ ಆ ಹಟ್ಟಿಗೆ ಮತ್ತೆ ಹೋದೆ. ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು, ಜನ ಮೇವು ಹುಡುಕಿಕೊಂಡು ಕುರಿಗಳ ಜೊತೆ ಬೇರೆ ಸೀಮೆಗೆ ಹೋಗಿದ್ದರು. ಲಕ್ಷ್ಮಕ್ಕ ಇದ್ದಳು. ಈ ಸಲ ಕೈ ಹಿಡಿಯಲಿಲ್ಲ, ಜಗುಲಿಯ ಮೇಲೆ ಕೂರು ಎಂದೂ ಹೇಳಲಿಲ್ಲ. ನಡೆದದ್ದನ್ನೆಲ್ಲ ಹೇಳಿ, "ಅಜ್ಜಿ, ಅವತ್ತು ಬಂದಿದ್ದವಳು ನನ್ನ ಹಾಗೇ ಇದ್ದಳಾ? ಸರಿಯಾಗಿ ನೆನಪು ಮಾಡಿಕೊಳ್ಳಿ" ಎಂದು ಕೇಳಿದೆ.

"ನಿನ್ನಂಗೆ ಅಲ್ಲ ಕಣವ್ವ, ನೀನೇ" ಎಂದಳು. ಆಮೇಲೆ, "ಅವ್ಳಿಗೆ ಮಗ ಇಲ್ಲ. ನಿಂಗವ್ನೆ. ಉಷಾರಾಗಿರು" ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂದಿನ ವರ್ಷ ನಾವು ಆ ಮನೆ ಬಿಟ್ಟೆವು. ಮಕ್ಕಳು ಶಾಲೆಗೆ ಸೇರಿದರು. ಮನೆಪಾಠದ ಆ ವರ್ಷ ಅಲ್ಲಿಗೆ ಮುಗಿಯಿತು. ದಿಕ್ಕಿನ ಹಾಡನ್ನು ಅನು ಮತ್ತೆ ಹಾಡಲಿಲ್ಲ. ನಾನು ಸ್ಯಾಮುವನ್ನು ಹೊಳೆ, ಕೆರೆ, ಬಾವಿಯ ಹತ್ತಿರ ಬಿಡದೆ ಬೆಳೆಸಿದೆ. ಬಕೆಟ್ಟಿನ ನೀರಿನಲ್ಲಿ ಸ್ನಾನ ಮಾಡಿಸುವಾಗಲೂ ಬಾಗಿಲು ತೆರೆದಿರುತ್ತಿತ್ತು, ಆ ಮನೆಯಲ್ಲಿದ್ದಾಗ ಗೌರಮ್ಮನನ್ನೋ, ಆಮೇಲೆ ಅನುವನ್ನೋ ಹತ್ತಿರ ಕೂರಿಸಿಕೊಳ್ಳುತ್ತಿದ್ದೆ. ಏಕೆಂದು ಯಾರಿಗೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ: ನೀರಿನ ಹತ್ತಿರ ಅವನ ಜೊತೆ ನಾನೊಬ್ಬಳೇ ಇರಲು ನನಗೇ ಧೈರ್ಯವಿರಲಿಲ್ಲ.

ಈಗ ಅವನು ನನಗಿಂತ ಎತ್ತರವಾಗಿದ್ದಾನೆ. ಕಡಿಮೆ ಮಾತಿನ ಹುಡುಗ. ಹೋದ ಬೇಸಿಗೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಎಂದ. ನಮ್ಮ ಸಭೆಯಲ್ಲಿ ಮಕ್ಕಳಿಗೆ ನೀರು ಚಿಮುಕಿಸುವ ಪದ್ಧತಿಯಿಲ್ಲ. ತಿಳುವಳಿಕೆ ಬಂದವರು ತಾವಾಗಿ ಕೇಳಬೇಕು, ಹರಿಯುವ ನೀರಿನಲ್ಲೋ ಕೆರೆಯಲ್ಲೋ ಪೂರ್ತಿ ಮುಳುಗಿ ಏಳಬೇಕು. ನಾನು ಇನ್ನೊಂದು ವರ್ಷ ಹೋಗಲಿ ಎಂದು ಎರಡು ಸಲ ತಪ್ಪಿಸಿದ್ದೆ. ಪಾಸ್ಟರ ಹೆಂಡತಿ ತನ್ನ ಮಗನ ದೀಕ್ಷಾಸ್ನಾನವನ್ನು ತಡೆಯುತ್ತಾಳೆಂದು ಸಭೆಯಲ್ಲಿ ಮಾತು ಎದ್ದಿತ್ತು. ಈ ಸಲ ತಪ್ಪಿಸಲು ಆಗಲಿಲ್ಲ. ಭೈರವಾನಿತಿಪ್ಪದ ಹಿನ್ನೀರಿನಲ್ಲಿ ಎಂದು ನಿಶ್ಚಯವಾಯಿತು.

ನಾನೂ ನೀರಿಗೆ ಇಳಿದು ಅವನ ಪಕ್ಕದಲ್ಲಿ ನಿಲ್ಲುತ್ತೇನೆ ಎಂದು ಯಜಮಾನರಿಗೆ ಹೇಳಿದ್ದೆ. ತಂದೆತಾಯಿಗಳಲ್ಲಿ ಒಬ್ಬರು ಹಾಗೆ ನಿಲ್ಲುವುದುಂಟು. ಹೊರಡುವ ಬೆಳಿಗ್ಗೆ ನಾನು ಹಳೆಯ ಸೀರೆ ಉಟ್ಟು, ಒಣ ಸೀರೆಯೊಂದನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಸ್ಯಾಮು ಬಾಗಿಲಲ್ಲಿ ಬಂದು ನಿಂತ.

"ಅಮ್ಮ, ಒಂದು ಕೇಳ್ಲಾ? ಸಿಟ್ಟು ಮಾಡ್ಕೋಬ್ಯಾಡ."

"ಕೇಳು."

"ನೀ ನೀರಿಗೆ ಇಳೀಬ್ಯಾಡ. ದಂಡಿ ಮ್ಯಾಲೇ ಇರು. ನನಗ ಕಾಣಂಗ ನಿಂತಿರು."

ಪ್ರೀತಿಯಿಂದಲೇ ಹೇಳಿದ. ಹೇಳಿ, ನನ್ನ ಕೈಯಲ್ಲಿದ್ದ ಒಣ ಸೀರೆಯನ್ನು ತೆಗೆದು ಮಂಚದ ಮೇಲಿಟ್ಟು ಹೊರಗೆ ಹೋದ.

ನಾನು ದಂಡೆಯ ಮೇಲೆ, ಬಿಸಿಲಿನಲ್ಲಿ, ಎಲ್ಲರಿಗಿಂತ ಮುಂದೆ ನಿಂತೆ. ಅವನು ತಂದೆಯ ಜೊತೆ ಎದೆಮಟ್ಟ ನೀರಿಗೆ ಇಳಿದ. ಮುಳುಗುವುದಕ್ಕೆ ಮುಂಚೆ ಎಲ್ಲರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವನು ಮುಚ್ಚಲಿಲ್ಲ. ತಿರುಗಿ ನನ್ನನ್ನು ನೋಡಿದ, ನಾನು ದಂಡೆಯ ಮೇಲೇ ಇದ್ದೇನೆಯೇ ಎಂದು. ಆಮೇಲೆ ತನ್ನ ಪಕ್ಕದ ನೀರನ್ನು ನೋಡಿದ.